ಸಂಘದ ಮೇಲ್ ಅಣ್ಣನ ಫೋನಿನಲ್ಲಿ ಮಾತ್ರ ಇದ್ದರೆ ಸಾಕಾ?

(ಗಡಿ ತಾಲೂಕುಗಳ ಯುವಕ ಯುವತಿಯರ ಕಂಪ್ಯೂಟರ್ ತರಬೇತಿಯಲ್ಲಿ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಬರಹಕ್ಕಿಳಿಸಿ ಇಲ್ಲಿ ಹಾಕಿದ್ದೇವೆ.)



ಕಾಸರಗೋಡಿನಿಂದ, ತಾಳವಾಡಿಯಿಂದ, ಅಕ್ಕಲಕೋಟೆಯಿಂದ, ಮಡಕಶಿರಾದಿಂದ ಬಂದಿದ್ದೀರಿ. ಬೆಳಿಗ್ಗೆಯಿಂದ ಭಾಷಣ ಕೇಳಿ ಕೇಳಿ ಸುಸ್ತಾಗಿರಬೇಕು. ನಾನು ಭಾಷಣ ಮಾಡೋದಿಲ್ಲ. ಒಂದು ಕೆಲಸ ಹೇಳಿಕೊಡ್ತೀನಿ, ಅಷ್ಟೇ. ನೀವು ಬ್ರೌಸರಿನಲ್ಲೋ ಫೋನಿನಲ್ಲೋ ನೋಡುವ ಜಿಮೇಲ್ ಖಾತೆಯನ್ನು ಕಂಪ್ಯೂಟರಿನಲ್ಲೇ ಕೂತಿರುವ ಒಂದು ಮೇಲ್ ಪ್ರೋಗ್ರಾಮಿಗೆ ಜೋಡಿಸುವುದು ಹೇಗೆ ಅನ್ನೋದು ಇವತ್ತಿನ ವಿಷಯ. ಪ್ರೋಗ್ರಾಮಿನ ಹೆಸರು ಥಂಡರ್‌ಬರ್ಡ್.

ಮೊದಲು ಒಂದು ಪ್ರಶ್ನೆ. ನಿಮ್ಮ ಊರಿನ ಕನ್ನಡ ಸಂಘಕ್ಕೋ, ಯುವಕ ಮಂಡಲಕ್ಕೋ, ಶಾಲೆಯ ಹಳೆ ವಿದ್ಯಾರ್ಥಿ ಬಳಗಕ್ಕೋ ಒಂದು ಇಮೇಲ್ ವಿಳಾಸ ಇದೆಯಲ್ಲ, ಅದು ಈಗ ಎಲ್ಲಿದೆ? ಹೆಚ್ಚಿನ ಕಡೆ ಉತ್ತರ ಒಂದೇ: ಕಾರ್ಯದರ್ಶಿ ಅಣ್ಣನ ಫೋನಿನಲ್ಲಿ. ಪಾಸ್‌ವರ್ಡ್ ಗೊತ್ತಿರೋದು ಅವರೊಬ್ಬರಿಗೇ. ಅಣ್ಣನಿಗೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸ ಸಿಕ್ಕಿತು ಅಂದುಕೊಳ್ಳಿ, ಅಥವಾ ಫೋನು ಬಾವಿಗೆ ಬಿತ್ತು ಅಂದುಕೊಳ್ಳಿ. ಸಂಘದ ಏಳೆಂಟು ವರ್ಷದ ಪತ್ರವ್ಯವಹಾರವೂ ಅದರ ಜೊತೆಗೇ ಹೋಯಿತು.

ನಗಬೇಡಿ. ಆ ಖಾತೆಯಲ್ಲಿ ಏನೇನಿರುತ್ತೆ ಯೋಚನೆ ಮಾಡಿ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ಶಿಕ್ಷಣ ಇಲಾಖೆಗೆ ಬರೆದ ಮನವಿ, ಅದಕ್ಕೆ ಬಂದ ಒಂದು ಸಾಲಿನ ಉತ್ತರ, ಪಠ್ಯಪುಸ್ತಕ ಬರಲಿಲ್ಲ ಅಂತ ಮೂರು ಸಲ ಹಾಕಿದ ಜ್ಞಾಪನೆ, ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ಬಂದ ಪಿಡಿಎಫ್. ಅಧಿಕಾರಿಗಳು ವರ್ಗವಾಗ್ತಾ ಇರ್ತಾರೆ. ಹೊಸಬರು ಬಂದ ಕೂಡಲೇ ಕೇಳೋದು, "ಹಿಂದೆ ಬರೆದಿದ್ದೀರಾ? ಯಾವಾಗ? ಪ್ರತಿ ಎಲ್ಲಿ?" ಆಗ ತೆಗೆದು ತೋರಿಸೋಕೆ ನಮ್ಮ ಹತ್ತಿರ ಇರಬೇಕು. ಇಲ್ಲದಿದ್ದರೆ ಐದು ವರ್ಷದ ಓಡಾಟ ಮತ್ತೆ ಸೊನ್ನೆಯಿಂದ ಶುರು.

ಸಂವಿಧಾನದ 350ನೇ ವಿಧಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಕುಂದುಕೊರತೆ ಹೇಳಿಕೊಂಡು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಎಲ್ಲರಿಗೂ ಇದೆ ಅನ್ನುತ್ತದೆ ಅದು. ಅಂದರೆ ಕನ್ನಡದಲ್ಲೇ ಬರೆಯಬಹುದು. 1956ರ 7ನೇ ತಿದ್ದುಪಡಿಯಲ್ಲಿ 350ಎ ಮತ್ತು 350ಬಿ ಸೇರಿದವು. ಮೊದಲನೆಯದು ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಯ ಬಗ್ಗೆ.  ಇದನ್ನೆಲ್ಲ ವೇದಿಕೆ ಮೇಲೆ ಹೇಳಿಕೊಂಡು ಬಂದಿದ್ದೇವೆ. ಆದರೆ ಬರೆದ ಪತ್ರದ ಪ್ರತಿ ಇಲ್ಲದವನ ಕೈಯಲ್ಲಿ ಈ ವಿಧಿಗಳು ಏನು ಮಾಡ್ತವೆ ಹೇಳಿ.

ಸರಿ, ವಿಷಯಕ್ಕೆ ಬರೋಣ.

ಬ್ರೌಸರಿನಲ್ಲಿ ಜಿಮೇಲ್ ತೆರೆದು ನೋಡ್ತೀರಲ್ಲ, ಅದು ಅಂಚೆ ಕಚೇರಿಗೇ ಹೋಗಿ ಅಲ್ಲೇ ನಿಂತು ಕಾಗದ ಓದಿ, ಅಲ್ಲೇ ಬಿಟ್ಟು ಬಂದ ಹಾಗೆ. ನೆಟ್ ಇದ್ದರೆ ಕಾಗದ ಇದೆ, ಇಲ್ಲದಿದ್ದರೆ ಇಲ್ಲ. ಮೇಲ್ ಪ್ರೋಗ್ರಾಂ ಅಂದರೆ ಆ ಕಾಗದಗಳನ್ನು ಮನೆಗೆ ತಂದುಕೊಡುವ ಆಳು. ತಂದು ನಿಮ್ಮ ಕಂಪ್ಯೂಟರಿನ ಡಿಸ್ಕಿನಲ್ಲಿ ಇಡ್ತಾನೆ. ನೀವು ಬರೆದದ್ದನ್ನು ಒಯ್ದು ಹಾಕ್ತಾನೆ. ನೆಟ್ ಇಲ್ಲದಾಗಲೂ ಹಳೇದನ್ನು ಓದಬಹುದು, ಹುಡುಕಬಹುದು, ಹೊಸದನ್ನು ಬರೆದಿಡಬಹುದು. ಬೆಟ್ಟದ ಊರಿನಲ್ಲಿ ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಗದ ತರುವುದಕ್ಕೆ ಎರಡು ದಾರಿ ಇದೆ. ಒಂದರ ಹೆಸರು ಪಾಪ್, ಇನ್ನೊಂದರದ್ದು ಐಮ್ಯಾಪ್. ಪಾಪ್ 1984ರದ್ದು. ಐಮ್ಯಾಪನ್ನು ಮಾರ್ಕ್ ಕ್ರಿಸ್ಪಿನ್ ಅನ್ನುವವರು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾಡಿದರು. ಎರಡೂ ನಿಮಗಿಂತ ವಯಸ್ಸಿನಲ್ಲಿ ದೊಡ್ಡವು, ಇವತ್ತಿಗೂ ದುಡೀತಾ ಇವೆ. ಇವೆರಡರ ವ್ಯತ್ಯಾಸವನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಾನು ಇವತ್ತು ಹೇಳಬೇಕಾದ್ದರಲ್ಲಿ ಅರ್ಧ ಇಲ್ಲೇ ಇದೆ.

ಪಾಪ್ ಅನ್ನೋದು ಕಣಜ. ಸರ್ವರಿನಲ್ಲಿ ಇನ್‌ಬಾಕ್ಸಿಗೆ ಬಂದದ್ದನ್ನು ತಂದು ನಿಮ್ಮ ಮನೆಯ ಕಣಜಕ್ಕೆ ಸುರಿಯುತ್ತೆ. ತಂದ ಮೇಲೆ ಅದು ನಿಮ್ಮದು. ಅಲ್ಲಿ ಏನಾದರೂ ಇಲ್ಲಿಯದು ಹಾಗೇ ಇರುತ್ತೆ. ಆದರೆ ನೀವು ಇಲ್ಲಿ ಓದಿದ್ದು, ಫೋಲ್ಡರಿಗೆ ಹಾಕಿದ್ದು ಯಾವುದೂ ಫೋನಿನಲ್ಲಿ ಕಾಣಿಸಲ್ಲ.

ಐಮ್ಯಾಪ್ ಅನ್ನೋದು ಕನ್ನಡಿ. ಸರ್ವರಿನಲ್ಲಿ ಏನಿದೆಯೋ ಅದೇ ಇಲ್ಲೂ ಕಾಣುತ್ತೆ. ಇಲ್ಲಿ ಓದಿದರೆ ಫೋನಿನಲ್ಲೂ ಓದಿದ್ದಾಗಿ ಕಾಣುತ್ತೆ, ಫೋನಿನಲ್ಲಿ ಕಳಿಸಿದ್ದು ಇಲ್ಲಿಯ ಸೆಂಟ್ ಫೋಲ್ಡರಿಗೂ ಬರುತ್ತೆ. ನಾಲ್ಕು ಜನ ಒಂದೇ ಖಾತೆ ನೋಡಿಕೊಳ್ಳುವ ಸಂಘಕ್ಕೆ ಇದೇ ಅನುಕೂಲ. ಆದರೆ ಕನ್ನಡಿಯ ಗುಣ ನೆನಪಿಡಿ: ಎದುರಿಗಿದ್ದವರು ಎದ್ದು ಹೋದರೆ ಕನ್ನಡಿಯಲ್ಲಿರುವ ಮುಖವೂ ಹೋಗುತ್ತೆ. ಯಾರೋ ಫೋನಿನಲ್ಲಿ ಜಾಗ ಖಾಲಿ ಮಾಡೋಣ ಅಂತ ಹಳೇ ಮೇಲ್ ಅಳಿಸಿದರೆ ನಿಮ್ಮ ಕಂಪ್ಯೂಟರಿನಿಂದಲೂ ಅಳಿದುಹೋಗುತ್ತೆ. ಜಿಮೇಲಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ, ಆಮೇಲೆ ಇಲ್ಲ.

"ಸಾರ್, ಕಂಪ್ಯೂಟರಿಗೆ ಜೋಡಿಸಿದ್ದೇನೆ, ಬ್ಯಾಕಪ್ ಆಯಿತು" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಐಮ್ಯಾಪಿನಲ್ಲಿ ಜೋಡಿಸಿದರೆ ಅದೊಂದೇ ಬ್ಯಾಕಪ್ ಅಲ್ಲ. ಹಾಗಾದರೆ ಏನು ಮಾಡಬೇಕು? ಐಮ್ಯಾಪಿನಲ್ಲೇ ಜೋಡಿಸಿ, ಮುಖ್ಯವಾದ ಪತ್ರಗಳನ್ನು ಥಂಡರ್‌ಬರ್ಡಿನ ಒಳಗೇ ಇರುವ 'ಲೋಕಲ್ ಫೋಲ್ಡರ್ಸ್' ಅನ್ನುವ ಜಾಗಕ್ಕೆ ನಕಲು ಮಾಡಿ ಇಡಬೇಕು. ಆ ಜಾಗಕ್ಕೂ ಗೂಗಲ್ಲಿಗೂ ಸಂಬಂಧ ಇಲ್ಲ. ಕನ್ನಡಿಯೂ ಇದೆ, ಕಣಜವೂ ಇದೆ. ನನ್ನ ಪ್ರಕಾರ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಹೇಗೆ ಅಂತ ಮುಂದೆ ಹೇಳ್ತೀನಿ.

ಥಂಡರ್‌ಬರ್ಡೇ ಯಾಕೆ? ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರ ಕಡೆಯದು, ಉಚಿತ, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಮೊದಲ ಆವೃತ್ತಿ ಬಂದದ್ದು 2004ರ ಡಿಸೆಂಬರಿನಲ್ಲಿ, ಅದೇ ವರ್ಷ ಏಪ್ರಿಲ್ 1ಕ್ಕೆ ಜಿಮೇಲ್ ಬಂದಿತ್ತು. ಎರಡೂ ಒಂದೇ ವರ್ಷದ ಕೂಸುಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ವಿಂಡೋಸಿನ ಜೊತೆಗೇ ಬರುತ್ತಿದ್ದ ಮೇಲ್ ಆ್ಯಪ್ ಸಾಕಲ್ಲ ಅಂತ ಕೇಳಬಹುದು. ಅದಕ್ಕೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಅದರ ಬದಲು ಬಂದಿರುವ ಹೊಸ ಔಟ್‌ಲುಕ್ಕಿಗೆ ನಿಮ್ಮ ಜಿಮೇಲ್ ಜೋಡಿಸಿದರೆ ಮೇಲ್‌ಗಳ ಪ್ರತಿ ಮೈಕ್ರೋಸಾಫ್ಟಿನ ಕ್ಲೌಡಿಗೂ ಹೋಗುತ್ತೆ. ಒಬ್ಬರ ಮನೆಯಲ್ಲಿದ್ದದ್ದನ್ನು ಇಬ್ಬರ ಮನೆಯಲ್ಲಿಟ್ಟ ಹಾಗಾಯಿತು, ನಮ್ಮ ಮನೆಗೆ ಬಂದ ಹಾಗಾಗಲಿಲ್ಲ.

ಈಗ ಜೋಡಿಸೋಣ. ಥಂಡರ್‌ಬರ್ಡ್ ಡಾಟ್ ನೆಟ್ ತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆ 'ಫ್ರೀ ಡೌನ್‌ಲೋಡ್' ಅಂತ ಹಸಿರು ಗುಂಡಿ ಕಂಡರೆ ಒತ್ತಬೇಡಿ. ಪ್ರೋಗ್ರಾಂ ತೆರೆದ ಕೂಡಲೇ ಹೆಸರು ಮತ್ತು ಇಮೇಲ್ ವಿಳಾಸ ಕೇಳುತ್ತೆ. ಹೆಸರಿನ ಜಾಗದಲ್ಲಿ ಸಂಘದ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಧೈರ್ಯವಾಗಿ. ಪತ್ರ ಪಡೆದವರಿಗೆ ಕಳಿಸಿದವರ ಹೆಸರಾಗಿ ಅದೇ ಕಾಣುತ್ತೆ. ವಿಳಾಸ ಹಾಕಿ ಮುಂದುವರಿದರೆ ಥಂಡರ್‌ಬರ್ಡ್ ತಾನೇ ಹುಡುಕಿಕೊಂಡು ಇದು ಜಿಮೇಲ್, ಇದಕ್ಕೆ ಇಂಥ ಸರ್ವರ್ ಅಂತ ತುಂಬಿಸುತ್ತೆ. ಐಮ್ಯಾಪೋ ಪಾಪೋ ಅಂತ ಕೇಳಿದಾಗ ಐಮ್ಯಾಪ್ ಆರಿಸಿ. ಆವೃತ್ತಿಯಿಂದ ಆವೃತ್ತಿಗೆ ಪರದೆಯ ರೂಪ ಸ್ವಲ್ಪ ಬದಲಾಗುತ್ತೆ, ಗಾಬರಿ ಬೇಡ, ಕೇಳುವ ಪ್ರಶ್ನೆ ಇಷ್ಟೇ.

ತಾನಾಗಿ ತುಂಬದಿದ್ದರೆ ಕೈಯಲ್ಲಿ ತುಂಬಬೇಕಾದ್ದನ್ನು ಬರೆದುಕೊಳ್ಳಿ. ಒಳಬರುವ ಸರ್ವರು ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್. ಹೊರಹೋಗುವುದು ಎಸ್‌ಎಮ್‌ಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465, ಭದ್ರತೆ ಅದೇ. ಒಂದು ವೇಳೆ 587 ಹಾಕಿದರೆ ಭದ್ರತೆಯ ಜಾಗದಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಬೇಕು. ಬಳಕೆದಾರನ ಹೆಸರು ಅಂದರೆ ನಿಮ್ಮ ಪೂರ್ತಿ ಇಮೇಲ್ ವಿಳಾಸ. ದೃಢೀಕರಣದ ಜಾಗದಲ್ಲಿ ಎರಡೂ ಕಡೆ ಓ-ಆಥ್ 2 ಅಂತ ಇರಬೇಕು. ಒಳಬರುವ ಕಡೆ ಸರಿ ಮಾಡಿ ಹೊರಹೋಗುವ ಕಡೆ ಮರೆಯೋದು ತುಂಬಾ ಸಾಮಾನ್ಯ. ಮೇಲ್ ಬರ್ತಾ ಇದೆ, ಕಳಿಸೋಕೆ ಆಗ್ತಿಲ್ಲ ಅಂದರೆ ಮೊದಲು ಅಲ್ಲೇ ನೋಡಿ.

ಈ ಓ-ಆಥ್ ಅಂದರೆ ಏನು? ಹಳೇ ಪದ್ಧತಿಯಲ್ಲಿ ನಿಮ್ಮ ಜಿಮೇಲ್ ಪಾಸ್‌ವರ್ಡನ್ನೇ ಪ್ರೋಗ್ರಾಮಿಗೆ ಕೊಡಬೇಕಿತ್ತು. ಮನೆ ಬೀಗದ ಕೈಯನ್ನೇ ಆಳಿಗೆ ಕೊಟ್ಟ ಹಾಗೆ. ಈಗ ಹಾಗಲ್ಲ. ಗೂಗಲ್ಲಿನದೇ ಒಂದು ಕಿಟಕಿ ತೆರೆದುಕೊಳ್ಳುತ್ತೆ, ಅಲ್ಲಿ ನೀವು ಪಾಸ್‌ವರ್ಡ್ ಹಾಕಿ, ಫೋನಿಗೆ ಬಂದ ಪ್ರಶ್ನೆಗೆ ಹೌದು ಅಂದು, 'ಅನುಮತಿಸಿ' ಒತ್ತಬೇಕು. ಗೂಗಲ್ ಥಂಡರ್‌ಬರ್ಡಿಗೆ ಒಂದು ಚೀಟಿ ಕೊಡುತ್ತೆ. ಆಮೇಲೆ ಆ ಚೀಟಿ ತೋರಿಸಿಯೇ ಕೆಲಸ. ಪಾಸ್‌ವರ್ಡ್ ಪ್ರೋಗ್ರಾಮಿನ ಬಳಿ ಇರೋದಿಲ್ಲ. ಬೇಡ ಅನ್ನಿಸಿದ ದಿನ ಗೂಗಲ್ ಖಾತೆಯ ಭದ್ರತೆ ಪುಟಕ್ಕೆ ಹೋಗಿ ಆ ಚೀಟಿಯೊಂದನ್ನೇ ರದ್ದು ಮಾಡಬಹುದು, ಪಾಸ್‌ವರ್ಡ್ ಬದಲಾಯಿಸಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಹುಡುಕಿದರೆ ಹಳೇ ವಿಡಿಯೋಗಳು ಸಿಗ್ತವೆ. "ಗೂಗಲ್ ಸೆಟ್ಟಿಂಗ್ಸಿಗೆ ಹೋಗಿ ಲೆಸ್ ಸೆಕ್ಯೂರ್ ಆ್ಯಪ್ಸ್ ಆನ್ ಮಾಡಿ" ಅಂತ ಹೇಳ್ತಾರೆ. ವೈಯಕ್ತಿಕ ಖಾತೆಗಳಲ್ಲಿ ಆ ಗುಂಡಿ 2022ರ ಮೇ 30ರಿಂದಲೇ ಕೆಲಸ ಮಾಡ್ತಿಲ್ಲ. ಅದನ್ನೇ ಹುಡುಕುತ್ತಾ ಇಡೀ ಸಂಜೆ ಕಳೆಯಬೇಡಿ. ಹಾಗೆಯೇ "ಮೊದಲು ಜಿಮೇಲ್ ಸೆಟ್ಟಿಂಗ್ಸಿನಲ್ಲಿ ಐಮ್ಯಾಪ್ ಆನ್ ಮಾಡಿ" ಅನ್ನುವ ಪಾಠವೂ ಹಳತು. 2025ರ ಜನವರಿಯಿಂದ ವೈಯಕ್ತಿಕ ಖಾತೆಗಳಲ್ಲಿ ಅದು ಯಾವಾಗಲೂ ತೆರೆದೇ ಇರುತ್ತೆ. ತೀರಾ ಹಳೆಯ ಕಂಪ್ಯೂಟರು, ಓ-ಆಥ್ ಗೊತ್ತಿಲ್ಲದ ಹಳೆಯ ಪ್ರೋಗ್ರಾಂ ಇದ್ದರೆ 'ಆ್ಯಪ್ ಪಾಸ್‌ವರ್ಡ್' ಅಂತ 16 ಅಕ್ಷರದ್ದನ್ನು ಗೂಗಲ್ಲಿನಿಂದ ಪಡೆಯಬಹುದು, ಅದಕ್ಕೆ ಮೊದಲು ಎರಡು ಹಂತದ ಪರಿಶೀಲನೆ ಹಾಕಿಕೊಂಡಿರಬೇಕು. ಆದರೆ ಹೊಸ ಥಂಡರ್‌ಬರ್ಡಿಗೆ ಅದರ ಅಗತ್ಯ ಇಲ್ಲ.

ಗೂಗಲ್ ಕಿಟಕಿ ತೆರೆದು ಸುಮ್ಮನೆ ಸುತ್ತುತ್ತಾ ನಿಂತರೆ, ಅಥವಾ ಅನುಮತಿ ಕೊಟ್ಟ ಮೇಲೂ ಮತ್ತೆ ಮತ್ತೆ ಕೇಳಿದರೆ, ಥಂಡರ್‌ಬರ್ಡಿನ ಸೆಟ್ಟಿಂಗ್ಸಿನಲ್ಲಿ ಪ್ರೈವಸಿ ಭಾಗಕ್ಕೆ ಹೋಗಿ ಕುಕೀಗಳಿಗೆ ಒಪ್ಪಿಗೆ ಇದೆಯಾ ನೋಡಿ. ಕುಕೀ ಬೇಡ ಅಂದಿದ್ದರೆ ಓ-ಆಥ್ ನಡೆಯಲ್ಲ.

ಔಟ್‌ಲುಕ್ ಡಾಟ್ ಕಾಮ್ ಅಥವಾ ಹಾಟ್‌ಮೇಲ್ ಇರುವವರಿಗೂ ದಾರಿ ಇದೇ. 2024ರ ಸೆಪ್ಟೆಂಬರಿನಿಂದ ಅಲ್ಲಿಯೂ ಬರೀ ಪಾಸ್‌ವರ್ಡ್ ನಡೆಯಲ್ಲ, ಓ-ಆಥ್ ಬೇಕು. ಅಲ್ಲಿಯ ಸೆಟ್ಟಿಂಗ್ಸಿನಲ್ಲಿ ಪಾಪ್, ಐಮ್ಯಾಪಿಗೆ ಅನುಮತಿ ಕೊಟ್ಟಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ಜೋಡಿಸಿದ ಮೇಲೆ ಎಡಗಡೆ ಫೋಲ್ಡರುಗಳು ಬರ್ತವೆ. ಜಿಮೇಲಿನಲ್ಲಿ ನೀವು ಲೇಬಲ್ ಅಂತ ಹಾಕಿದ್ದೆಲ್ಲ ಇಲ್ಲಿ ಫೋಲ್ಡರಾಗಿ ಕಾಣುತ್ತೆ. ಒಂದೇ ಮೇಲ್ ಇನ್‌ಬಾಕ್ಸಿನಲ್ಲೂ 'ಆಲ್ ಮೇಲ್'ನಲ್ಲೂ ಎರಡು ಸಲ ಕಂಡರೆ ಹೆದರಬೇಡಿ, ಗೂಗಲ್ಲಿನ ಕ್ರಮವೇ ಹಾಗೆ. ಡಿಸ್ಕಿನಲ್ಲಿ ಜಾಗ ಕಡಿಮೆ ಇದ್ದರೆ ಬ್ರೌಸರಿನಲ್ಲಿ ಜಿಮೇಲ್ ತೆರೆದು, ಲೇಬಲ್ ಸೆಟ್ಟಿಂಗ್ಸಿನಲ್ಲಿ ಆಲ್ ಮೇಲ್ ಎದುರಿನ 'ಐಮ್ಯಾಪಿನಲ್ಲಿ ತೋರಿಸು' ಅನ್ನೋದನ್ನು ತೆಗೆಯಬಹುದು. ಒಂದು ಮಾತು: ಇನ್‌ಬಾಕ್ಸಿನಿಂದ ಆರ್ಕೈವ್ ಮಾಡಿದ್ದು, ಲೇಬಲ್ ಇಲ್ಲದ್ದು ಆಲ್ ಮೇಲ್‌ನಲ್ಲಿ ಮಾತ್ರ ಇರುತ್ತೆ. ಅಂಥದ್ದಕ್ಕೆ ಮೊದಲು ಲೇಬಲ್ ಹಾಕಿ, ಆಮೇಲೆ ಅದನ್ನು ಮರೆಮಾಡಿ.

ಮೊದಲ ಸಲ ಇಳಿಯೋಕೆ ಹೊತ್ತು ಹಿಡಿಯುತ್ತೆ. ಹತ್ತು ವರ್ಷದ ಖಾತೆಯಾದರೆ ಒಂದೆರಡು ದಿನವೇ ಬೇಕಾಗಬಹುದು. ಫೋನಿನ ಹಾಟ್‌ಸ್ಪಾಟಿನಲ್ಲಿ ಕೂತು ಡೇಟಾ ಖಾಲಿ ಮಾಡಿಕೊಳ್ಳಬೇಡಿ. ಒಂದೇ ದಿನದಲ್ಲಿ ವಿಪರೀತ ಇಳಿಸಿಕೊಂಡರೆ ಗೂಗಲ್ ಸ್ವಲ್ಪ ಹೊತ್ತು ತಡೆಯುವುದೂ ಉಂಟು, ಮರುದಿನ ತಾನೇ ಮುಂದುವರಿಯುತ್ತೆ. ಅಕೌಂಟ್ ಸೆಟ್ಟಿಂಗ್ಸಿನಲ್ಲಿ 'ಸಿಂಕ್ರೊನೈಸೇಶನ್ ಮತ್ತು ಸ್ಟೋರೇಜ್' ಅಂತ ಇದೆ. ಅಲ್ಲಿ 'ಈ ಕಂಪ್ಯೂಟರಿನಲ್ಲಿ ಎಲ್ಲಾ ಫೋಲ್ಡರುಗಳ ಮೇಲ್ ಇಟ್ಟುಕೋ' ಅನ್ನೋ ಚೌಕಕ್ಕೆ ಗುರುತು ಇದೆಯಾ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಪಟ್ಟಿ ಮಾತ್ರ ಬಂದಿರುತ್ತೆ, ಪತ್ರದ ಒಡಲು ಬಂದಿರೋದಿಲ್ಲ. ನೆಟ್ ಕತ್ತರಿಸಿ ಒಂದು ಹಳೆಯ ಮೇಲ್ ತೆರೆದು ನೋಡಿ. ತೆರೆದರೆ ಬಂದಿದೆ.

ಈಗ ಕಣಜದ ಕೆಲಸ. 'ಲೋಕಲ್ ಫೋಲ್ಡರ್ಸ್' ಮೇಲೆ ಮೌಸಿನ ಬಲಗುಂಡಿ ಒತ್ತಿ ಹೊಸ ಫೋಲ್ಡರ್ ಮಾಡಿ. ವರ್ಷದ ಹೆಸರಿನಲ್ಲೋ ವಿಷಯದ ಹೆಸರಿನಲ್ಲೋ, ನಿಮಗೆ ಹೇಗೆ ಹೊಂದುತ್ತೋ ಹಾಗೆ. ನಾನು ವಿಷಯದ ಪರ: 'ಶಾಲೆ-ಶಿಕ್ಷಕರು', 'ಪಠ್ಯಪುಸ್ತಕ', 'ಮಾಹಿತಿ ಹಕ್ಕು', 'ಊರ ಹೆಸರು-ನಾಮಫಲಕ'. ಕನ್ನಡದಲ್ಲೇ ಹೆಸರಿಡಬಹುದು. ಮುಖ್ಯವಾದ ಮೇಲ್‌ಗಳನ್ನು ಆರಿಸಿ, ಬಲಗುಂಡಿ ಒತ್ತಿ, 'ಕಾಪಿ ಟು' ಅಂತ ಆ ಫೋಲ್ಡರಿಗೆ ಕಳಿಸಿ. 'ಮೂವ್' ಅಲ್ಲ, 'ಕಾಪಿ'. ಮೂವ್ ಮಾಡಿದರೆ ಸರ್ವರಿನ ಆ ಫೋಲ್ಡರಿನಿಂದ ಎದ್ದುಬರುತ್ತೆ, ಉಳಿದವರ ಫೋನಿನಲ್ಲೂ ಅಲ್ಲಿಂದ ಕಾಣೆಯಾಗುತ್ತೆ, ಆಮೇಲೆ ಸಂಘದಲ್ಲಿ ಜಗಳ. ನೀವು ಕಳಿಸಿದ್ದನ್ನೂ ನಕಲು ಮಾಡಿ. ಬಂದದ್ದನ್ನು ಮಾತ್ರ ಇಟ್ಟುಕೊಂಡು ನಾವು ಬರೆದದ್ದನ್ನು ಬಿಟ್ಟರೆ ಅರ್ಧ ಕಥೆ ಆಗುತ್ತೆ.

ತಿಂಗಳಿಗೊಮ್ಮೆ ಈ ಇಡೀ ಸಂಗ್ರಹವನ್ನು ಪೆನ್‌ಡ್ರೈವಿಗೋ ಹಾರ್ಡ್ ಡಿಸ್ಕಿಗೋ ಹಾಕಿ. ಹೆಲ್ಪ್ ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ತೆರೆದರೆ 'ಪ್ರೊಫೈಲ್ ಫೋಲ್ಡರ್' ಅಂತ ಇರುತ್ತೆ, ಅದರ ಪಕ್ಕದ ಗುಂಡಿ ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತೆ. ಥಂಡರ್‌ಬರ್ಡನ್ನು ಮುಚ್ಚಿ, ಆ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿ. ಮುಚ್ಚದೆ ಮಾಡಿದರೆ ಕಡತ ಕೆಡಬಹುದು. ಆ ಫೋಲ್ಡರಿನಲ್ಲಿ ನಾನು ಹೇಳಿದ ಚೀಟಿಯೂ ಇರುತ್ತೆ, ಹಾಗಾಗಿ ಪೆನ್‌ಡ್ರೈವನ್ನು ಕಂಡಕಂಡವರಿಗೆ ಸಿನಿಮಾ ಹಾಕಿಸಿಕೊಳ್ಳೋಕೆ ಕೊಡಬೇಡಿ. ಸೆಟ್ಟಿಂಗ್ಸಿನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಹಾಕಿಕೊಂಡರೆ ಚೀಟಿಗೊಂದು ಬೀಗ ಬೀಳುತ್ತೆ. ಮೇಲ್‌ಗಳಿಗೆ ಅಲ್ಲ, ಚೀಟಿಗೆ ಮಾತ್ರ.

ತೀರಾ ಮುಖ್ಯವಾದ ಪತ್ರ, ನಾಳೆ ಕೋರ್ಟಿಗೋ ಆಯೋಗಕ್ಕೋ ಹೋಗಬಹುದು ಅನ್ನಿಸುವಂಥದ್ದು ಇದ್ದರೆ ಇನ್ನೊಂದು ಕೆಲಸ ಮಾಡಿ. ಆ ಮೇಲ್ ತೆರೆದು ಕಂಟ್ರೋಲ್ ಜೊತೆ ಎಸ್ ಒತ್ತಿ. ಇಎಮ್‌ಎಲ್ ಅನ್ನುವ ಕಡತವಾಗಿ ಉಳಿಯುತ್ತೆ. ಫೋನಿನ ಸ್ಕ್ರೀನ್‌ಶಾಟಿಗೂ ಇದಕ್ಕೂ ಬಹಳ ವ್ಯತ್ಯಾಸ. ಸ್ಕ್ರೀನ್‌ಶಾಟ್ ಬರೀ ಚಿತ್ರ. ಇಎಮ್‌ಎಲ್ ಕಡತದಲ್ಲಿ ಪತ್ರ ಯಾವ ಸರ್ವರಿನಿಂದ ಹೊರಟಿತು, ಯಾವ ಹೊತ್ತಿಗೆ ಎಲ್ಲಿ ಮುಟ್ಟಿತು, ಅದರ ಗುರುತಿನ ಸಂಖ್ಯೆ ಏನು ಎಲ್ಲವೂ ಇರುತ್ತೆ, ಅಂಚೆ ಲಕೋಟೆಯ ಮೇಲಿನ ಮುದ್ರೆಗಳ ಹಾಗೆ. ಕಂಟ್ರೋಲ್ ಜೊತೆ ಯು ಒತ್ತಿದರೆ ನೀವೇ ನೋಡಬಹುದು. ಕನ್ನಡದ ವಿಷಯ ಸಾಲು ಅಲ್ಲಿ ಇಂಗ್ಲಿಷ್ ಅಕ್ಷರ ಅಂಕೆಗಳ ಗೋಜಲಾಗಿ ಕಾಣುತ್ತೆ. ಕೆಟ್ಟಿಲ್ಲ ಅದು, ಸಾಗಣೆಗೆ ಕಟ್ಟಿದ ಗಂಟು ಅಷ್ಟೇ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಜೊತೆಗಿಡಬೇಕಾಗುತ್ತೆ. ಅದನ್ನು ವಕೀಲರು ನೋಡಿಕೊಳ್ತಾರೆ. ಮೂಲ ಕಡತ ಉಳಿಸಿಕೊಡೋದು ನಮ್ಮ ಕೆಲಸ.

ಮಾಹಿತಿ ಹಕ್ಕಿನ ವಿಷಯ ಬಂತು, ಹೇಳಿಬಿಡ್ತೀನಿ. ಅರ್ಜಿಯನ್ನು ಬರೀ ಮೇಲ್ ಮಾಡಿದರೆ ಶುಲ್ಕದ ಪ್ರಶ್ನೆ ಬರುತ್ತೆ, ಅದನ್ನು ಪೋರ್ಟಲಿನಲ್ಲೋ ಅಂಚೆಯಲ್ಲೋ ಹಾಕಿ. ಆದರೆ ಉತ್ತರಕ್ಕೆ 30 ದಿನ, ಉತ್ತರ ಸರಿಯಿಲ್ಲದಿದ್ದರೆ ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ ಅನ್ನುವ ಗಡುವು ಇದೆಯಲ್ಲ, ಅದನ್ನು ತಪ್ಪಿಸಿಕೊಂಡೇ ನಮ್ಮವರು ಸೋಲೋದು. ಥಂಡರ್‌ಬರ್ಡಿನಲ್ಲೇ ಕ್ಯಾಲೆಂಡರ್ ಇದೆ. ಮೇಲ್ ಮೇಲೆ ಬಲಗುಂಡಿ ಒತ್ತಿ ಅದನ್ನು 'ಈವೆಂಟ್' ಆಗಿ ಮಾಡಿದರೆ ಪತ್ರದ ಜೊತೆಗೇ ದಿನಾಂಕ ಕೂರುತ್ತೆ.

ಇನ್ನು ಕನ್ನಡದ ತೊಂದರೆಗಳು. ಯೂನಿಕೋಡಿನಲ್ಲಿ ಬರೆದ ಕನ್ನಡ ಥಂಡರ್‌ಬರ್ಡಿನಲ್ಲಿ ಯಾವ ತಕರಾರೂ ಇಲ್ಲದೆ ಹೋಗುತ್ತೆ, ಬರುತ್ತೆ. ವಿಂಡೋಸಿನಲ್ಲಿ ನಿರ್ಮಲಾ, ತುಂಗಾ ಅಕ್ಷರಗಳು ಕನ್ನಡ ತೋರಿಸ್ತವೆ. ಸಣ್ಣದಾಗಿ ಕಂಡರೆ ಸೆಟ್ಟಿಂಗ್ಸಿನ ಫಾಂಟ್ಸ್ ಭಾಗದಲ್ಲಿ 'ಅಡ್ವಾನ್ಸ್ಡ್' ಒತ್ತಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ ಗಾತ್ರ ಏರಿಸಿ. ಒತ್ತಕ್ಷರ ಓದೋಕೆ ಇಂಗ್ಲಿಷಿಗಿಂತ ಎರಡು ಅಂಕೆ ಜಾಸ್ತಿ ಬೇಕು, ಅದು ನಮ್ಮ ಲಿಪಿಯ ಅಂದ. ಟೈಪ್ ಮಾಡೋಕೆ ವಿಂಡೋಸಿಗೆ ಕನ್ನಡ ಕೀಲಿಮಣೆ ಸೇರಿಸಿಕೊಂಡು, ವಿಂಡೋಸ್ ಗುಂಡಿ ಜೊತೆ ಸ್ಪೇಸ್ ಒತ್ತಿ ಬದಲಾಯಿಸಿ.

ತೊಂದರೆ ಬರೋದು ಹಳೇ ನುಡಿ, ಬರಹದ ಆಸ್ಕಿ ಕಡತಗಳಲ್ಲಿ. ಸಂಘದ ಹಿರಿಯರು ಟೈಪ್ ಮಾಡಿಸಿದ ಮನವಿಗಳು ಹೆಚ್ಚಿನವು ಹಾಗೇ ಇರ್ತವೆ. ಅದನ್ನು ಎತ್ತಿ ಮೇಲಿಗೆ ಅಂಟಿಸಿದರೆ ಚೆನ್ನೈಯಲ್ಲೋ ತಿರುವನಂತಪುರದಲ್ಲೋ ಕೂತ ಅಧಿಕಾರಿಗೆ ಕಾಣೋದು ಕೊಂಬು ಮೂಡಿದ ಇಂಗ್ಲಿಷ್ ಅಕ್ಷರ. "ಕನ್ನಡದಲ್ಲಿ ಬರೆದರೆ ಓದೋಕಾಗಲ್ಲ, ಇಂಗ್ಲಿಷಿನಲ್ಲಿ ಕಳಿಸಿ" ಅಂತ ಉತ್ತರ ಬರುತ್ತೆ. ತಪ್ಪು ಭಾಷೆಯದ್ದಲ್ಲ, ಸಂಕೇತದ್ದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ, ಆಮೇಲೆ ಒಮ್ಮೆ ಕಣ್ಣಾಡಿಸಿ. ರಕಾರದ ಒತ್ತು, ಅರ್ಕಾವತ್ತು ಅಲ್ಲಲ್ಲಿ ಎಡವುತ್ತೆ. ಸಹಿ ಇರುವ ಪ್ರತಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿ, ಜೊತೆಗೆ ಮೇಲಿನ ಒಡಲಿನಲ್ಲೂ ಅದೇ ಪಠ್ಯ ಇರಲಿ. ಹಾಗಿದ್ದರೆ ನಾಳೆ 'ಶಿಕ್ಷಕ' ಅಂತ ಹುಡುಕಿದಾಗ ಸಿಗುತ್ತೆ. ಸ್ಕ್ಯಾನ್ ಮಾಡಿದ ಚಿತ್ರದ ಒಳಗೆ ಹುಡುಕಾಟ ಇಳಿಯಲ್ಲ. ಕಂಟ್ರೋಲ್, ಶಿಫ್ಟ್, ಕೆ ಒಟ್ಟಿಗೆ ಒತ್ತಿದರೆ ಹುಡುಕುವ ಪಟ್ಟಿ ಬರುತ್ತೆ, ಕನ್ನಡದಲ್ಲೇ ಹುಡುಕಬಹುದು.

ಲಗತ್ತಿನ ಗಾತ್ರ: ಜಿಮೇಲ್ 25 ಎಂಬಿ ಅನ್ನುತ್ತೆ. ಆದರೆ ಮೇಲಿನಲ್ಲಿ ಸಾಗುವಾಗ ಕಡತ ಮೂರನೇ ಒಂದು ಭಾಗದಷ್ಟು ಉಬ್ಬುತ್ತೆ. ಹಾಗಾಗಿ ಪ್ರೋಗ್ರಾಮಿನಿಂದ ಕಳಿಸುವಾಗ 18 ಎಂಬಿ ದಾಟಿದರೆ ಹೋಗೋದು ಅನುಮಾನ. ಸರ್ಕಾರಿ ಕಚೇರಿಗಳ ಪೆಟ್ಟಿಗೆಗೆ ಅದರಲ್ಲೂ ಸಣ್ಣದೇ ಒಳ್ಳೆಯದು.

ಕೊನೆಗೆ ಕೆಲವು ಬಿಡಿ ಮಾತು. ಅಕ್ಷಯ ಕೇಂದ್ರ, ಇ-ಸೇವೈ, ಮೀಸೇವಾ, ಮಹಾ ಇ-ಸೇವಾ ಕೇಂದ್ರ, ಸೈಬರ್ ಅಂಗಡಿ ಇಂಥ ಕಡೆಯ ಕಂಪ್ಯೂಟರಿನಲ್ಲಿ ಯಾವತ್ತೂ ಸಂಘದ ಖಾತೆ ಜೋಡಿಸಬೇಡಿ. ಅಲ್ಲಿ ಬ್ರೌಸರಿನಲ್ಲಿ ನೋಡಿ, ಸೈನ್ ಔಟ್ ಮಾಡಿ ಬನ್ನಿ. ಜೋಡಿಸೋದು ಸಂಘದ ಸ್ವಂತ ಕಂಪ್ಯೂಟರಿನಲ್ಲಿ, ಇಲ್ಲವೇ ಇಬ್ಬರು ಪದಾಧಿಕಾರಿಗಳ ಮನೆಯ ಕಂಪ್ಯೂಟರಿನಲ್ಲಿ. ಎರಡು ಕಡೆ ಇದ್ದರೆ ಇನ್ನೂ ಒಳ್ಳೆಯದು.

ಎರಡು ಹಂತದ ಪರಿಶೀಲನೆಗೆ ಒಬ್ಬರ ಫೋನ್ ನಂಬರನ್ನೇ ನಂಬಬೇಡಿ. ಗೂಗಲ್ 10 'ಬ್ಯಾಕಪ್ ಕೋಡ್' ಕೊಡುತ್ತೆ, 8 ಅಂಕೆಯವು, ಒಂದೊಂದು ಒಂದೇ ಸಲಕ್ಕೆ. ಮುದ್ರಿಸಿ, ಲಕೋಟೆಗೆ ಹಾಕಿ, ನಡಾವಳಿ ಪುಸ್ತಕದ ಜೊತೆ ಬೀರುವಿನಲ್ಲಿಡಿ. ಖಾತೆಯ 15 ಜಿಬಿ ಜಾಗ ಮೇಲಿಗೆ ಮಾತ್ರ ಅಲ್ಲ, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ. ರಾಜ್ಯೋತ್ಸವದ ವಿಡಿಯೋ ತುಂಬಿಸಿದರೆ ಮೇಲ್ ಬರೋದು ನಿಲ್ಲುತ್ತೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, ಆ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಚಟುವಟಿಕೆ ನಿಂತ ಸಂಘಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಅವುಗಳ ಹಳೇ ಖಾತೆಯ ಪಾಸ್‌ವರ್ಡ್ ಯಾರ ಬಳಿಯಾದರೂ ಉಳಿದಿದ್ದರೆ ಈ ವಾರವೇ ತೆರೆದು, ಇದ್ದದ್ದನ್ನೆಲ್ಲ ಲೋಕಲ್ ಫೋಲ್ಡರಿಗೆ ಇಳಿಸಿಕೊಳ್ಳಿ.

ನೆಟ್ ಇಲ್ಲದಾಗ ಬರೆಯುವವರು ಪತ್ರ ಮುಗಿಸಿ ಕಂಟ್ರೋಲ್, ಶಿಫ್ಟ್, ಎಂಟರ್ ಒತ್ತಿ. ಔಟ್‌ಬಾಕ್ಸಿನಲ್ಲಿ ಕೂತಿರುತ್ತೆ. ಸಿಗ್ನಲ್ ಬಂದಾಗ ಫೈಲ್ ಮೆನುವಿನಲ್ಲಿ 'ಸೆಂಡ್ ಅನ್‌ಸೆಂಟ್ ಮೆಸೇಜಸ್' ಒತ್ತಿದರೆ ಹೋಗುತ್ತೆ. ಹೋಯಿತಾ ಅಂತ ಸೆಂಟ್ ಫೋಲ್ಡರಿನಲ್ಲಿ ನೋಡೋದನ್ನು ಮರೆಯಬೇಡಿ.

ಲ್ಯಾಪ್‌ಟಾಪ್ ತಂದವರು ಈ ಕಡೆ ಸಾಲಿಗೆ ಬನ್ನಿ, ಈಗಲೇ ಜೋಡಿಸೋಣ. ತರದವರು ಇಬ್ಬಿಬ್ಬರು ಒಂದರ ಮುಂದೆ ಕೂತ್ಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೂಗಿ, ನಾನು ಬರ್ತೀನಿ. ಗೂಗಲ್ ಕಿಟಕಿ ಬಂದಾಗ ಮಾತ್ರ ಪಾಸ್‌ವರ್ಡನ್ನು ನೀವೇ ಒತ್ತಬೇಕು, ನನಗೂ ಹೇಳಬಾರದು.